ಈಶಾನ್ಯದ ಇಳಿಜಾರು

ನಾಲ್ಕು ಸಲ ಓದಿದರೂ ಹಿಮಕುಸಿತದ ವರದಿ ಬದಲಾಗಿರಲಿಲ್ಲ. ಬದಲಾಗುವುದಿಲ್ಲವೆಂದು ತಿಳಿದಿದ್ದೂ ತಿರುಮಲೇಶ ಶನಿವಾರ ಬೆಳಿಗ್ಗೆ ಏಳಕ್ಕೇ ಎದ್ದು, ಕ್ರೋಯ್ಡನ್ನಿನ ಐದನೆಯ ಮಹಡಿಯ ಫ್ಲಾಟಿನಲ್ಲಿ ಶಾಲು ಹೊದ್ದು ಕಂಪ್ಯೂಟರಿನ ಮುಂದೆ ಕೂತಿದ್ದ. ಲಂಡನ್ನಿನಲ್ಲಿ ಹಿಮವೇನೂ ಇರಲಿಲ್ಲ, ಸುಮ್ಮನೆ ಒದ್ದೆ. ಹಿಮವೆಲ್ಲ ಐನೂರು ಮೈಲಿ ಉತ್ತರಕ್ಕೆ, ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಎರಡು ದಿನ ಬಿಡದೆ ಬಿದ್ದಿತ್ತು. ಬಿದ್ದದ್ದು ದೊಡ್ಡ ವಿಷಯವಲ್ಲ. ಬಿದ್ದ ಹಿಮ ಬಿದ್ದಲ್ಲೇ ಇದ್ದರೆ ಅದರಷ್ಟು ಸಾಧು ಇನ್ನೊಂದಿಲ್ಲ. ನೈಋತ್ಯದ ಗಾಳಿ ಅದನ್ನು ಬೆಟ್ಟದ ನೆತ್ತಿಯಿಂದ ಹೊತ್ತು ತಂದು ಆಚೆ ಮಗ್ಗುಲಿಗೆ, ಅಂದರೆ ಈಶಾನ್ಯದ ಇಳಿಜಾರಿಗೆ ಒತ್ತಿ ಒತ್ತಿ ಮೆತ್ತುತ್ತದೆ. ಕೆಳಗಿರುವ ಹಳೆಯ ಹಿಮ ಗಾಜಿನಂತೆ ಗಟ್ಟಿ. ಅದಕ್ಕೂ ಇದಕ್ಕೂ ಬೆಸುಗೆಯಿಲ್ಲ. ಗಾರೆ ಮೇಸ್ತ್ರಿಯ ಮಗನಾದ ತಿರುಮಲೇಶನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀರು ಚಿಮುಕಿಸದೆ ಒಣ ಗೋಡೆಗೆ ಮೆತ್ತಿದ ಗಾರೆ ನೋಡಲು ನುಣ್ಣಗೆ ಚೆಂದವಾಗಿಯೇ ಇರುತ್ತದೆ, ಬೀಳುವಾಗ ಮಾತ್ರ ಚೂರು ಚೂರಾಗಿ ಬೀಳುವುದಿಲ್ಲ, ಇಡೀ ಹಲಗೆಯೇ ಕಳಚಿಕೊಂಡು ಬರುತ್ತದೆ. ವರದಿ ಹೇಳುತ್ತಿದ್ದದ್ದೂ ಅದನ್ನೇ: ಒಂಬೈನೂರು ಮೀಟರಿನ ಮೇಲೆ, ಉತ್ತರದಿಂದ ಪೂರ್ವದವರೆಗಿನ ಇಳಿಜಾರುಗಳಲ್ಲಿ, ಒಬ್ಬ ಮನುಷ್ಯನ ಭಾರ ಸಾಕು. ಅವನ ಹೆಂಡತಿ ಉಷಾಳ ತಮ್ಮ ವರುಣ್ ಇನ್ನು ನಾಲ್ಕು ಗಂಟೆಯಲ್ಲಿ ಅಂಥದೇ ಒಂದು ಇಳಿಜಾರಿನ ಕೆಳಗೆ ನಿಂತಿರುತ್ತಾನೆ. ಹೇಳಬೇಕು. ಹೇಳುವುದೆಂದರೆ ಎಷ್ಟು ಹೊತ್ತಿನ ಕೆಲಸ, ಫೋನು ಮೇಜಿನ ಮೇಲೆಯೇ ಇತ್ತು.

ಗುರುವಾರ ಸಂಜೆಯೇ ಹೇಳಬಹುದಿತ್ತು. ವರುಣ್ ಆಫೀಸಿನಿಂದ ನೇರ ಬಂದು ತಿರುಮಲೇಶನ ಹಿಮಗೊಡಲಿಯನ್ನೂ ಬೂಟಿಗೆ ಕಟ್ಟುವ ಮುಳ್ಳುಗಳನ್ನೂ ಕೇಳಿ ತೆಗೆದುಕೊಂಡ. ಅವನ್ನು ಸೂಪರ್‌ಮಾರ್ಕೆಟ್ಟಿನ ಚೀಲದಲ್ಲಿ ಹಾಕಿಕೊಂಡು, ಕೊಡಲಿಯ ಮೂತಿ ಚೀಲ ಹರಿದು ಹೊರಗೆ ಇಣುಕುತ್ತಿರಲು, ‘ಭಾವ, ನೀವೂ ಬಂದಿದ್ರೆ ಚೆನ್ನಾಗಿರ್ತಿತ್ತು’ ಎಂದ. ತಿರುಮಲೇಶ ತನ್ನ ಬಲಮಂಡಿಯನ್ನು ತೋರಿಸಿದ. ಮಂಡಿಗೆ ಏನೂ ಆಗಿರಲಿಲ್ಲ. ಡಿಸೆಂಬರಿನಲ್ಲಿ ಹೇಳಿದ ಆ ಸುಳ್ಳನ್ನು ಸಾಕಲು ಅವನು ಎರಡು ತಿಂಗಳಿಂದ ಮನೆಯ ಒಳಗೂ ಸ್ವಲ್ಪ ಕುಂಟುತ್ತಿದ್ದ. ಉಷಾ ಡಾಕ್ಟರ ಹತ್ತಿರ ಕಳಿಸಿದಾಗ ಅಲ್ಲಿಯೂ ಕುಂಟಿದ್ದ, ಒಂದು ಸಲ ಮರೆತು ಎಡಗಾಲನ್ನೂ ಕುಂಟಿಸಿದ್ದ. ವರುಣ್ ಬಾಗಿಲು ದಾಟಿ ಲಿಫ್ಟಿನ ಕಡೆ ನಡೆದಾಗ, ಅವನ ಅಗಲವಾದ ಬೆನ್ನನ್ನು ನೋಡುತ್ತ, ಇವನ ಬಾಯಿಗೆ ‘ವರುಣ್, ನಿಲ್ಲು’ ಎಂಬ ಮಾತು ಬಂದೇಬಿಟ್ಟಿತ್ತು. ಉಷಾ ತೋಳು ಹಿಡಿದಳು. ‘ಹೊರಟೋನ್ನ ಹಿಂದಿನಿಂದ ಕರೀಬೇಡಿ ರೀ’ ಎಂದು ಮೆಲ್ಲಗೆ ಹೇಳಿದಳು. ಅವಳೇನೂ ಹಳೆಯ ಕಾಲದವಳಲ್ಲ, ಕೌನ್ಸಿಲ್ ಆಫೀಸಿನಲ್ಲಿ ಅಧಿಕಾರಿ. ಆದರೆ ಮನೆಯಿಂದ ಹೊರಡುವವರನ್ನು ಹಿಂದಿನಿಂದ ಕೂಗುವುದು, ಹೊಸ್ತಿಲಲ್ಲಿ ಕೆಟ್ಟದ್ದನ್ನು ಆಡುವುದು ಅವಳಿಂದ ಆಗದು. ತಿರುಮಲೇಶನಿಂದಲೂ ಆಗದು. ಲಿಫ್ಟಿನ ಬಾಗಿಲು ಮುಚ್ಚಿತು. ಅವಳು ಹಿಡಿದದ್ದು ತನಗೆ ಎಷ್ಟು ಅನುಕೂಲವಾಯಿತು ಎಂಬುದನ್ನು ಅವನು ಆಗಲೇ ಗಮನಿಸಿ, ಗಮನಿಸದವನಂತೆ ಒಳಗೆ ಬಂದಿದ್ದ.

ಅವನು ಬೆಟ್ಟಕ್ಕೆ ಹೋಗದಿರಲು ಕಾರಣ ಮಂಡಿಯಲ್ಲ, ಮಾರ್ಸೆಲ್. ಮಾರ್ಸೆಲ್ ಉಡುಪಿ ಕಡೆಯವನು, ಐವತ್ತೆರಡು ವರ್ಷದ ನರ್ಸ್, ಲಂಡನ್ನಿನ ಐದಾರು ಕನ್ನಡಿಗರನ್ನು ಕಟ್ಟಿಕೊಂಡು ಹತ್ತು ವರ್ಷದಿಂದ ಬೆಟ್ಟ ಹತ್ತಿಸುತ್ತಿರುವವನು. ನಾಲ್ಕು ಜನ ಸೇರಿದಲ್ಲಿ ನಗು ಹುಟ್ಟಿಸದೆ ಇರಲಾರ. ಒಳ್ಳೆಯ ಮನುಷ್ಯ. ಅದೇ ಕಷ್ಟ. ಹೋದ ಫೆಬ್ರುವರಿಯಲ್ಲಿ, ಅವರೆಲ್ಲ ಬೋಗುಣಿ ಎಂದು ಕರೆಯುವ, ಈಗ ವರುಣ್ ಹೊರಟಿರುವ ಅದೇ ತಗ್ಗಿನ ಇಳಿಜಾರನ್ನು ಅಡ್ಡ ದಾಟುವ ಮೊದಲು, ತಿರುಮಲೇಶ ಎಲ್ಲರನ್ನೂ ನಿಲ್ಲಿಸಿ ಸಲಿಕೆ ತೆಗೆದು ಸೊಂಟದಷ್ಟು ಆಳ ಗುಂಡಿ ತೋಡಿದ್ದ. ಗುಂಡಿಯ ಗೋಡೆಯಲ್ಲಿ ಒಂದು ಚೌಕ ಕತ್ತರಿಸಿ, ಹಿಂದುಗಡೆ ಸಲಿಕೆ ಇಳಿಬಿಟ್ಟು ಮೆಲ್ಲಗೆ ಎಳೆದರೆ, ಪೂರ್ತಿ ಎಳೆಯುವ ಮೊದಲೇ ಮೇಲಿನ ಅರ್ಧ ಜಾರಿ ಅವನ ತೊಡೆಯ ಮೇಲೆ ಬಂದು ಕೂತಿತು. ಹೊರಗೆ ಕಂಡದ್ದು ಬೆಳ್ಳಗೆ ನುಣುಪು. ನೆತ್ತಿಯ ಅಂಚಿನಲ್ಲಿ ಮನೆಯ ಸಜ್ಜದ ಹಾಗೆ ಚಾಚಿಕೊಂಡ ಹಿಮ. ‘ವಾಪಸ್ ಹೋಗೋಣ’ ಎಂದಿದ್ದ. ಯಾರೂ ಎದುರಾಡಲಿಲ್ಲ. ಆರು ಜನ, ಒಂದು ವರ್ಷ ಕಾದು ಒಂಬತ್ತು ಗಂಟೆ ಕಾರಿನಲ್ಲಿ ಕೂತು ಬಂದವರು, ತಿರುಗಿ ಇಳಿದರು. ಅರ್ಧ ಗಂಟೆಯ ಮೇಲೆ ಕೆಳಗಿನ ಬಂಡೆಯ ಹತ್ತಿರ ಟೀ ಕುಡಿಯುತ್ತ ನೋಡಿದರೆ, ಇಬ್ಬರು ಮುದುಕರು, ಗಂಡ ಹೆಂಡತಿ ಇರಬೇಕು, ಒಂದು ಕಂದು ನಾಯಿಯ ಜೊತೆ ಆ ಬೋಗುಣಿಯನ್ನು ಅಡ್ಡಕ್ಕೆ ದಾಟುತ್ತಿದ್ದರು. ನಾಯಿ ನಡುವೆ ಒಂದು ಕಡೆ ಕೂತು ಮೈ ಕೆರೆದುಕೊಂಡಿತು. ಏನೂ ಆಗಲಿಲ್ಲ. ಆ ದಿನದಿಂದ ತಿರುಮಲೇಶನ ಹೆಸರು ಪಂಚಾಂಗ ಎಂದಾಯಿತು.

ಪಂಚಾಂಗವೆಂದರೆ ಅವನೂ ನಗುತ್ತಿದ್ದ. ನಗದೆ ಹೇಗಿರುವುದು. ಯುಗಾದಿಯ ಊಟಕ್ಕೆ ಬಾಡಿಗೆ ಹಾಲಿನಲ್ಲಿ ನೂರು ಜನ ಸೇರಿದ್ದಾಗ, ಮಾರ್ಸೆಲ್ ಕೇಸರಿಬಾತಿನ ಪಾತ್ರೆಯೊಳಗೆ ಸೌಟು ಇಳಿಸಿ, ‘ತಡೀರಿ, ಯಾರೂ ತಿನ್ನಬೇಡಿ, ಅಡಿಯ ಪದರ ಸರಿ ಇಲ್ಲ’ ಎಂದು ತಿರುಮಲೇಶನದೇ ಗಂಟಲಿನಲ್ಲಿ ಹೇಳಿ, ಒಂದು ಚೌಕ ಕತ್ತರಿಸಿ ಎತ್ತಿ ಅವನ ತಟ್ಟೆಗೇ ಹಾಕಿದ. ಹೆಂಗಸರು, ಮಕ್ಕಳು, ಪೂಜೆಗೆ ಬಂದ ಪುರೋಹಿತರು ಕೂಡ ನಕ್ಕರು. ಉಷಾ ನಕ್ಕಳು. ಅವಳು ನಕ್ಕದ್ದೇ ಅವನಿಗೆ ಗಂಟಲಲ್ಲಿ ಉಳಿಯಿತು. ಅಲ್ಲಿಂದ ಬಂದ ಮೇಲೆ, ಯಾರಿಗೂ ತಿಳಿಯದಂತೆ, ಹಿಮ ಕರಗುವವರೆಗೂ ದಿನಾ ಆಫೀಸಿನಲ್ಲಿ ಊಟದ ಹೊತ್ತಿಗೆ ಆ ವರದಿಗಳನ್ನು ತೆಗೆದು ನೋಡುತ್ತಿದ್ದ: ಬೋಗುಣಿ ಕುಸಿಯಿತೇ ಎಂದು. ಒಂದು ಮಂಗಳವಾರ ಕುಸಿದ ಹಿಮದ ರಾಶಿ ಕಂಡುಬಂದಿದೆ ಎಂದಿದ್ದಾಗ ಎದೆ ಹಾರಿ, ಮಾರ್ಸೆಲನ ನಂಬರನ್ನು ಅರ್ಧ ಒತ್ತಿ, ಆಮೇಲೆ ಓದಿದರೆ ಅದು ಪಕ್ಕದ ಬೆಟ್ಟ. ಅವನ ಉದ್ಯೋಗವೂ ಅಂಥದೇ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ಮುರಿಯುತ್ತದೆಂದು ಹುಡುಕುವುದು. ಮುರಿದರೆ ಯಾಕೆ ಹುಡುಕಲಿಲ್ಲವೆಂದು ಕೇಳುತ್ತಾರೆ, ಮುರಿಯದಿದ್ದರೆ ಇವನೇಕೆ ಬೇಕು ಎಂದು ಕೇಳುತ್ತಾರೆ. ಹದಿನಾಲ್ಕು ವರ್ಷದಿಂದ ಅದನ್ನು ಸಹಿಸಿದವನಿಗೆ ಒಂದು ನಾಯಿಯನ್ನು ಸಹಿಸಲು ಆಗಲಿಲ್ಲ.

ಏಳು ಮುಕ್ಕಾಲಿಗೆ ಫೋನು ಮಾಡಿದ. ಅವರು ಉಳಿದುಕೊಂಡ ಮನೆಯಲ್ಲಿ ಇಂಟರ್ನೆಟ್ ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ವರದಿ ನೋಡುವ ಕೆಲಸವನ್ನು ಅವರು ತಮಾಷೆ ಮಾಡುತ್ತಲೇ ಅವನಿಗೆ ಬಿಟ್ಟಿದ್ದರು. ವರುಣನ ಫೋನನ್ನು ಎತ್ತಿದವನು ಮಾರ್ಸೆಲ್. ‘ಓ, ಪಂಚಾಂಗದ ಫೋನು. ತಡಿ ಮಾರಾಯ, ಸ್ಪೀಕರಿಗೆ ಹಾಕ್ತೇನೆ, ಎಲ್ಲ ಕೇಳ್ಲಿ. ಎಂತ, ಇವತ್ತು ರಾಹುಕಾಲ ಎಷ್ಟು ಗಂಟೆಗೆ?’ ಹಿಂದೆ ನಾಲ್ಕೈದು ಗಂಡಸರ ನಗು, ತಟ್ಟೆ ಚಮಚಗಳ ಸದ್ದು. ‘ನಿನ್ನ ಮಂಡಿ ಹೇಗುಂಟು? ಅದು ಸಹ ಜಾರ್ತದಾ?’ ತಿರುಮಲೇಶ ಮಂಡಿಯ ಮೇಲೆ ಕೈಯಿಟ್ಟುಕೊಂಡ. ‘ಅಲ್ಲಿ ಹವೆ ಹೇಗಿದೆ ಮಾರ್ಸೆಲ್?’ ಎಂದು ಕೇಳಿದ. ‘ಹವೆಯಾ? ರಾತ್ರಿ ಇಡೀ ಮನೆ ಹಾರಿಹೋಗುವ ಗಾಳಿ. ಈಗ ನಿಂತಿದೆ. ಆಕಾಶ ತೊಳೆದಿಟ್ಟದ್ದು. ಈ ಸಲ ಬೋಗುಣಿ ದಾಟದೆ ಬರುವುದಿಲ್ಲ ನೋಡು.’ ಗಾಳಿ ತನ್ನ ಕೆಲಸ ಮುಗಿಸಿ ನಿಂತಿದೆ, ಬಿಸಿಲು ಬಂದಿದೆ, ಎಲ್ಲವೂ ಚೆಂದ ಕಾಣುವ ದಿನ. ಇದಕ್ಕಿಂತ ಕೆಟ್ಟ ದಿನವನ್ನು ಬೇಕೆಂದು ಮಾಡಿದರೂ ಮಾಡಲಾಗದು. ಅಷ್ಟರಲ್ಲಿ ವರುಣ್ ಫೋನು ಇಸಿದುಕೊಂಡ. ‘ಭಾವ, ರಿಪೋರ್ಟ್ ನೋಡಿದ್ರಾ? ಏನಾದ್ರೂ ಇದ್ರೆ ಹೇಳಿ.’ ಕೇಳಿಯೇಬಿಟ್ಟಿದ್ದ. ಸ್ಪೀಕರು ಇನ್ನೂ ಆನ್ ಇತ್ತು, ಯಾರೋ ನಗುವನ್ನು ತಡೆದುಕೊಂಡಿರುವುದು ಮೂಗಿನ ಸದ್ದಿನಲ್ಲಿ ಕೇಳುತ್ತಿತ್ತು. ‘ನೋಡ್ದೆ. ಏನಿಲ್ಲ’ ಎಂದ ತಿರುಮಲೇಶ. ‘ಜೋಪಾನವಾಗಿ ಹೋಗ್ಬನ್ನಿ.’

ಅಡುಗೆಮನೆಯಿಂದ ವರುಣನ ಹೆಂಡತಿ ಪ್ರತೀಕ್ಷಾ ಎರಡು ಲೋಟ ಕಾಫಿ ಹಿಡಿದು ಬಂದಳು. ಕೊಲಿಂಡೇಲಿನ ಫ್ಲಾಟಿನಲ್ಲಿ ಒಬ್ಬಳೇ ಯಾಕಿರಬೇಕೆಂದು ಉಷಾ ಅವಳನ್ನು ಎರಡು ದಿನಕ್ಕೆ ಕರೆಸಿಕೊಂಡಿದ್ದಳು. ಮದುವೆಯಾಗಿ ಲಂಡನ್ನಿಗೆ ಬಂದು ಎಂಟು ತಿಂಗಳು, ಇನ್ನೂ ಮೂರು ಸ್ವೆಟರು ತೊಡುತ್ತಿದ್ದಳು. ‘ಅವರ ಹತ್ರ ಮಾತಾಡಿದ್ರಾ ಅಣ್ಣ? ಏನೂ ಭಯ ಇಲ್ಲ ಅಲ್ವಾ?’ ಎಂದಳು. ಕಾಫಿ ತೆಗೆದುಕೊಳ್ಳುವಾಗ ಅವಳ ಕಡೆ ನೋಡದೆ ಅವನು, ‘ಮಾರ್ಸೆಲ್ ಇದಾನಲ್ಲಮ್ಮ, ಹತ್ತು ವರ್ಷದ ಅನುಭವ’ ಎಂದ. ಸುಳ್ಳಲ್ಲ. ಅವಳು ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ. ಕಂಪ್ಯೂಟರಿನಲ್ಲಿ ವರದಿ ತೆರೆದೇ ಇತ್ತು. ಅವಳು ನೋಡಿಬಿಟ್ಟಾಳು ಎಂದು ಮೈಯನ್ನು ಅಡ್ಡ ಹಿಡಿದು ಅದನ್ನು ಮುಚ್ಚಿದ. ಮುಚ್ಚುವಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತಕ್ಷಣ ಮತ್ತೆ ಫೋನು ಮಾಡಬೇಕೆಂದುಕೊಂಡ, ಸ್ನಾನ ಮಾಡಿ ಮಾಡುತ್ತೇನೆ ಎಂದುಕೊಂಡ. ನೀರು ತಲೆಯ ಮೇಲೆ ಬೀಳುತ್ತಿರುವಾಗ, ಮಾಡಿದರೆ ಏನು ಹೇಳುವುದು, ಮೊದಲು ಯಾಕೆ ಹೇಳಲಿಲ್ಲ ಎಂದರೆ ಏನು ಹೇಳುವುದು ಎಂಬುದನ್ನು ಎರಡು ಮೂರು ಥರ ಜೋಡಿಸಿ ನೋಡಿದ. ಜೋಡಿಸಿ ಮುಗಿದು ಹೊರಗೆ ಬರುವಷ್ಟರಲ್ಲಿ ಒಂಬತ್ತೂಕಾಲು. ಫೋನು ಸಿಗಲಿಲ್ಲ. ಬೆಟ್ಟದ ತಪ್ಪಲಿನಲ್ಲಿ ಸಿಗ್ನಲ್ ಇರುವುದಿಲ್ಲ ಎಂಬುದೂ ಅವನಿಗೆ ಗೊತ್ತಿದ್ದದ್ದೇ.

ಇಂಡಿಯನ್ ಅಂಗಡಿಗಳ ಸೌತ್‌ಹಾಲಿಗೆ ತಿಂಗಳ ಸಾಮಾನು ತರಲು ಹೋಗುವುದು ಮೊದಲೇ ಗೊತ್ತಾಗಿತ್ತು. ಕಾರು ಓಡಿಸುತ್ತ ಅವನು ಲೆಕ್ಕ ಹಾಕುತ್ತಿದ್ದ, ಹತ್ತೂವರೆ, ಈಗ ಏರಿನ ಬುಡ; ಹನ್ನೊಂದು, ಈಗ ಬೋಗುಣಿಯ ಬಾಯಿ. ಹಿಂದಿನ ಸೀಟಿನಲ್ಲಿ ಪ್ರತೀಕ್ಷಾ ಹೀರೇಕಾಯಿ ಸಿಗುತ್ತದಾ ಎಂದು ಕೇಳುತ್ತಿದ್ದಳು. ಅಲ್ಲಿನ ಪೇಟೆಬೀದಿ ಬ್ರಾಡ್‌ವೇಯಲ್ಲಿ ಎಂದಿನ ಶನಿವಾರದ ನೂಕುನುಗ್ಗಲು, ಒದ್ದೆ ರಸ್ತೆಯ ಮೇಲೆ ಜಿಲೇಬಿಯ ಎಣ್ಣೆಯ ವಾಸನೆ. ಅಂಗಡಿಯೊಳಗೆ ಗೋಣಿಚೀಲದ ಬಾಯಿ ಮಡಿಸಿ ರವೆಯನ್ನು ರಾಶಿ ಸುರಿದಿದ್ದರು. ತಿರುಮಲೇಶ ಅದರ ಮುಂದೆ ನಿಂತುಬಿಟ್ಟ. ಅಪ್ಪ ಶಾಂತಪ್ಪ ನಂಜನಗೂಡಿನಲ್ಲಿ ಒಂದು ಮನೆಯ ಸಜ್ಜ ಹಾಕಿದ್ದ. ಕಂಬಿ ಸಾಲದೆಂದು ಅವನಿಗೆ ಗೊತ್ತಿತ್ತು, ಗೃಹಪ್ರವೇಶದ ದಿನ ಮನೆಯವರು ಶಾಲು ಹೊದೆಸಿ ಹೇಗಿದೆ ಮೇಸ್ತ್ರಿ ಎಂದು ಕೇಳಿದಾಗ ಶುಭಕಾರ್ಯದಲ್ಲಿ ಹೇಗೆ ಆಡುವುದೆಂದು ‘ಭದ್ರವಾಗಿದೆ ಬುದ್ಧಿ’ ಎಂದಿದ್ದ. ಆ ಸಜ್ಜ ಬೀಳಲೇ ಇಲ್ಲ. ಆದರೆ ಆ ಬೀದಿಯಲ್ಲಿ ಹೋಗುವಾಗಲೆಲ್ಲ ಅಪ್ಪ ಮಗನ ಕೈ ಹಿಡಿದು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದ. ಬೇರೆ ಮಕ್ಕಳು ಅದರ ಕೆಳಗೆ ಗೋಲಿ ಆಡುತ್ತಿದ್ದರು. ತಿರುಮಲೇಶ ಬೆರಳಿನಿಂದ ರವೆಯ ರಾಶಿಯ ಮಧ್ಯೆ ಅಡ್ಡಕ್ಕೆ ಒಂದು ಗೆರೆ ಎಳೆದ. ಮೇಲಿನ ಭಾಗ ಜರ್ರನೆ ಜಾರಿ ಚೀಲ ದಾಟಿ ನೆಲಕ್ಕೆ ಸುರಿಯಿತು. ‘ಅಂಕಲ್‌ಜೀ, ಕೈ ಹಾಕಬೇಡಿ’ ಎಂದು ಅಂಗಡಿಯ ಹುಡುಗಿ ಹಿಂದಿಯಲ್ಲಿ ಗದರಿದಳು. ಜನ ತಿರುಗಿ ನೋಡಿದರು. ಉಷಾ ಓಡಿಬಂದು, ‘ಏನ್ರೀ ಇದು, ಚಿಕ್ಕ ಮಕ್ಕಳ ಥರ’ ಎಂದು ಬಗ್ಗಿ ರವೆಯನ್ನು ಬಳಿಯತೊಡಗಿದಳು.

ಹೊರಗೆ ಬಂದು ಮತ್ತೆ ಫೋನು ಮಾಡಿದ. ಹನ್ನೊಂದು ಮುಕ್ಕಾಲು. ಸಂದೇಶ ಬಿಡಿ ಎಂದು ಹೆಂಗಸಿನ ದನಿ ಹೇಳಿತು, ಪೀಪ್ ಎಂದಿತು. ‘ವರುಣ್, ಆ ಇಳಿಜಾರು’ ಎನ್ನುವಷ್ಟರಲ್ಲಿ ಅವನ ನಾಲಿಗೆ ನಿಂತಿತು. ಈ ಮಾತು ಯಾರಿಗೆ? ವರುಣ್ ಕೇಳಿಸಿಕೊಳ್ಳುವುದು ಇಳಿದು ಬಂದ ಮೇಲೆ. ಇಳಿದು ಬರದಿದ್ದರೆ ಕೇಳಿಸಿಕೊಳ್ಳುವವರು ಬೇರೆಯವರು: ಪೊಲೀಸರು, ಮಾರ್ಸೆಲ್, ಉಷಾ. ತಿರುಮಲೇಶ ಮೊದಲೇ ಹೇಳಿದ್ದನಂತೆ, ಫೋನಿನಲ್ಲಿ ಇದೆಯಂತೆ. ತನ್ನ ಒಳಗೆ ಯಾರೋ ಇಷ್ಟು ಹೊತ್ತೂ ತಣ್ಣಗೆ ಕೂತು ಇದನ್ನೆಲ್ಲ ಅಣಿಮಾಡುತ್ತಿದ್ದಾನೆಂದು ತಿಳಿದು ಅವನಿಗೆ ಹೆದರಿಕೆಯಾಯಿತು. ಫೋನು ಕತ್ತರಿಸಿದ. ಕಾರಿನ ಬಾಗಿಲಿಗೆ ಒರಗಿ ನಿಂತು, ಹಿಂದಿನ ವರ್ಷ ಗುಂಡಿ ತೋಡುವಾಗ ತನಗಾಗಿದ್ದ ಸುಖವನ್ನು ನೆನಪಿಸಿಕೊಂಡ. ಚೌಕ ಜಾರಿ ತೊಡೆಯ ಮೇಲೆ ಬಿದ್ದಾಗ ಭಯಕ್ಕಿಂತ ಮೊದಲು ಬಂದದ್ದು ಹೆಮ್ಮೆ. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದರು. ಮತ್ತೆ ಹಾಗೆ ನೋಡಿಸಿಕೊಳ್ಳಲು ಎಷ್ಟು ಜನರನ್ನು ಬಲಿಕೊಡಬಹುದು ಎಂಬ ಯೋಚನೆ ಬಂದು, ತಲೆ ಕೊಡವಿ, ಚೀಲಗಳನ್ನು ಡಿಕ್ಕಿಯಲ್ಲಿಟ್ಟ. ಮಧ್ಯಾಹ್ನ ಊಟ ಸೇರಲಿಲ್ಲ. ಎರಡರಿಂದ ನಾಲ್ಕರವರೆಗೆ ಟಿವಿಯಲ್ಲಿ ಸುದ್ದಿ ಹಾಕಿಕೊಂಡು ದನಿ ಪೂರ್ತಿ ತಗ್ಗಿಸಿ ಕೂತಿದ್ದ. ‘ಮಂಡಿ ತುಂಬ ನೋಯ್ತಿದೆಯಾ?’ ಎಂದು ಉಷಾ ಕೇಳಿದಳು. ಹೌದು ಎಂದ.

ನಾಲ್ಕೂವರೆಗೆ ಪ್ರತೀಕ್ಷಾಳ ಫೋನು ಬಡಿದುಕೊಂಡಿತು. ಅವಳು ‘ಹಾಂ, ಬಂದ್ರಾ’ ಎಂದು ಮುಖ ಅರಳಿಸಿದಳು. ‘ಎಲ್ಲಾ ಆರಾಮಾಗಿ ಇಳಿದ್ರಂತೆ ಅತ್ತಿಗೆ. ಅದೇ ಬೋಗುಣಿ ದಾಟಿದ್ರಂತೆ.’ ಉಷಾ ‘ಸದ್ಯ’ ಎಂದು ದೇವರ ಪಟದ ಕಡೆ ಕೈ ಮುಗಿದಳು. ತಿರುಮಲೇಶ ಸೋಫಾದಲ್ಲಿ ಕೂತಲ್ಲೇ ಇದ್ದ. ಅವನ ಎದೆಯಲ್ಲಿ ಏನೋ ಧೊಪ್ಪನೆ ಕೆಳಗಿಳಿಯಿತು. ಅದು ನೆಮ್ಮದಿಯೆಂದೇ ಒಂದು ಗಳಿಗೆ ನಂಬಿದ. ಅಲ್ಲ. ಅದನ್ನು ಅವನು ಚೆನ್ನಾಗಿ ಬಲ್ಲ. ಆ ನಾಯಿ ಬೋಗುಣಿಯ ನಡುವೆ ಕೂತು ಮೈ ಕೆರೆದುಕೊಂಡಾಗ ಆಗಿದ್ದೂ ಇದೇ. ನಿರಾಸೆ. ಹೆಂಡತಿಯ ತಮ್ಮ, ಮುಂದೆ ನಿಂತು ನಗುತ್ತಿರುವ ಈ ಹುಡುಗಿಯ ಗಂಡ ಬದುಕಿ ಬಂದನೆಂದು ನಿರಾಸೆ. ಮರುಗಳಿಗೆಯೇ ಸಂತೋಷವೂ ಬಂತು, ನಿಜವಾದ ಸಂತೋಷ, ಕಣ್ಣು ಒದ್ದೆಯಾಗುವಷ್ಟು. ಆದರೆ ಅದು ಎರಡನೆಯದಾಗಿ ಬಂತು.

‘ಅಣ್ಣ, ನಿಮ್ಮ ಹತ್ರ ಮಾತಾಡ್ಬೇಕಂತೆ’ ಎಂದು ಪ್ರತೀಕ್ಷಾ ಫೋನು ಕೊಟ್ಟಳು. ಅವನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ವರುಣನ ದನಿ ತಗ್ಗಿತ್ತು, ಅವನೂ ಎಲ್ಲರನ್ನೂ ಬಿಟ್ಟು ಹೊರಗೆ ಬಂದಿರಬೇಕು. ‘ಭಾವ, ಇಲ್ಲಿ ಯಾರಿಗೂ ಹೇಳಿಲ್ಲ. ನಾನು ಕೊನೇಲಿದ್ದೆ. ಮಧ್ಯ ಹೋಗೋವಾಗ ಕಾಲ ಕೆಳಗೆ ಹಿಮ ಧಂ ಅಂತು, ಒಂದು ಬಿರುಕು ಸೀದಾ ಮೇಲಕ್ಕೆ ಹೋಯ್ತು, ಹತ್ತು ಹದಿನೈದು ಅಡಿ. ನಿಂತ್ಬಿಟ್ಟೆ. ಕೂಗಿ ವಾಪಸ್ ಹೋಗೋಣ ಅಂದ್ಕೊಂಡೆ. ಆಮೇಲೆ, ಭಾವ ಬೆಳಿಗ್ಗೆ ನೋಡಿ ಏನಿಲ್ಲ ಅಂದಿದಾರಲ್ಲ, ಅವರು ಅಂದ್ರೆ ಅಂದಂಗೇ, ಅಂತ ಮುಂದಿನ ಹೆಜ್ಜೆ ಇಟ್ಟೆ.’ ಸ್ವಲ್ಪ ನಕ್ಕ. ‘ಇವರೆಲ್ಲ ಏನೇ ಅಂದ್ರೂ ನಾನು ನಿಮ್ಮನ್ನೇ ನಂಬೋದು. ನಾಳೆ ಪಕ್ಕದ ಬೆಟ್ಟ ಅಂತಿದಾರೆ. ಅದೂ ಅದೇ ಕಡೆ ಮುಖ. ಹೋಗ್ಬಹುದಾ?’ ಕೆಳಗೆ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿತು. ಹೋಗಬೇಡ ಎಂದರೆ ಅದು ಹಿಮಕ್ಕಾಗಿಯೋ ತನಗಾಗಿಯೋ ಎಂಬುದು ಈಗ ತಿರುಮಲೇಶನಿಗೇ ಗೊತ್ತಾಗದಾಗಿತ್ತು. ‘ಹೋಗ್ಬೇಡಿ’ ಎಂದ. ‘ಇವತ್ತೂ ಹೋಗಬಾರದಿತ್ತು. ಬೆಳಿಗ್ಗೆ ನಾಲ್ಕು ಸಲ ಓದಿದ್ದೆ. ಗೊತ್ತಿದ್ದೂ ಹೇಳ್ಲಿಲ್ಲ ಕಣೋ. ಅವರು ನಗ್ತಿದ್ರು.’ ಆ ಕಡೆ ಯಾವುದೋ ಬಾಗಿಲು ತೆರೆದು ಮಾರ್ಸೆಲನ ದನಿ ಕೇಳಿ ಮತ್ತೆ ಮುಚ್ಚಿತು. ‘ನಾಳೆ ನಾವು ಹೋಗಲ್ಲ. ಬಿರುಕಿನ ವಿಷಯ ಎಲ್ಲರಿಗೂ ಹೇಳ್ತೀನಿ’ ಎಂದ ವರುಣ್ ಕೊನೆಗೆ. ‘ಆದ್ರೆ ಇನ್ಮೇಲೆ ನಿಮ್ಮನ್ನ ಕೇಳಲ್ಲ.’

ಒಳಗೆ ಬಂದಾಗ ಪ್ರತೀಕ್ಷಾ ಫೋನಿಗೆ ಕೈ ಚಾಚುತ್ತ, ‘ನೀವು ಮನೇಲಿದ್ರಲ್ಲ ಅಣ್ಣ, ಅದಕ್ಕೇ ನಂಗೆ ಇಡೀ ದಿನ ಧೈರ್ಯ ಇತ್ತು’ ಎಂದಳು. ಸುಮ್ಮನೆ ತಲೆದೂಗಿ ಕೂತುಕೊಳ್ಳಬಹುದಿತ್ತು. ವರುಣ್ ಬಹುಶಃ ಅವಳಿಗೆ ಹೇಳುತ್ತಿರಲಿಲ್ಲ. ‘ಕೂತ್ಕೊಮ್ಮ’ ಎಂದ ತಿರುಮಲೇಶ, ಉಷಾಳನ್ನೂ ಕರೆದ. ನಿಂತುಕೊಂಡೇ ಎಲ್ಲವನ್ನೂ ಹೇಳಿದ, ವರದಿಯನ್ನು, ಸ್ಪೀಕರಿನ ನಗುವನ್ನು, ಬಿರುಕನ್ನು, ನೋಯದ ಮಂಡಿಯನ್ನು. ಉಷಾ, ‘ಗುರುವಾರ ನಾನು ತಡೆದೆ, ಒಪ್ಕೋತೀನಿ. ಇವತ್ತು ಬೆಳಿಗ್ಗೆ ನಿಮ್ಮನ್ನ ಯಾರು ಹಿಡ್ಕೊಂಡಿದ್ರು?’ ಎಂದಳು. ಹೇಳಬೇಕಾದದ್ದು ಇನ್ನೂ ಒಂದು ಉಳಿದಿತ್ತು, ಅದನ್ನೂ ಹೇಳಿದ. ‘ಅವನು ಕ್ಷೇಮ ಅಂತ ನೀನು ಹೇಳಿದಾಗ, ಪ್ರತೀಕ್ಷಾ, ನನಗೆ ಮೊದಲು ಸಂತೋಷ ಆಗ್ಲಿಲ್ಲ.’

ಪ್ರತೀಕ್ಷಾ ಮೂರು ಸ್ವೆಟರಿನೊಳಗೆ ಕೈಗಳನ್ನು ಎಳೆದುಕೊಂಡು ಅವನನ್ನೇ ನೋಡಿದಳು. ಅವಳು ಅಳಲಿಲ್ಲ. ಏನನ್ನೋ ಸರಿಯಾಗಿ ಅರ್ಥಮಾಡಿಕೊಳ್ಳಬೇಕೆಂಬಂತೆ ನಿಧಾನವಾಗಿ ಕೇಳಿದಳು: ‘ಅವರು ಸತ್ತಿದ್ರೆ ನೀವು ಹೇಳೋದು ಸರಿ ಅಂತ ಆಗ್ತಿತ್ತು. ಅಲ್ವಾ ಅಣ್ಣ?’

‘ಬಿಡ್ತು ಅನ್ನು’ ಎಂದು ಉಷಾ ಗಾಬರಿಯಾಗಿ ಅವಳ ಭುಜ ಅಲುಗಿಸಿದಳು. ‘ಬಿಡ್ತು ಅನ್ನೇ ಮೊದಲು.’

ಪ್ರತೀಕ್ಷಾ ಅನ್ನಲಿಲ್ಲ. ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು.

‘ಹೌದಮ್ಮ’ ಎಂದ ತಿರುಮಲೇಶ.